ಮೇಲಂಗಿಯ ಒಳಗಿನ ಪಟ್ಟಿ

ಈ ಭಾನುವಾರದವರೆಗೆ ಮಾತ್ರ ಬರೀ ನನ್ನ ಅಣ್ಣನಾಗಿರುವವನಿಗೆ,

ಮದುವೆಯಾಗಿ ನಲವತ್ತೊಂದು ದಿನವಾಯಿತು, ನನ್ನ ಕಾಲಿನ್ನೂ ನೆಲದ ಮೇಲೆ ನಿಂತಿಲ್ಲ! ಚರ್ಚಿನ ಗುರುಗಳ ಪೂಜೆಯ ಉಡುಪು ಹೊಲಿಯುವ ಮನೆಗೆ ಸೊಸೆಯಾಗಿ ಬಂದಿದ್ದಕ್ಕೆ ನಿನ್ನ ಗುರುದೀಕ್ಷೆಯ ಹೆಗಲಪಟ್ಟಿ ನನ್ನ ಪಾಲಿಗೆ ಬಂತು ನೋಡು. ಗುಂಡಿ ಹಚ್ಚಲೂ ಬಾರದಿದ್ದ ನಾನು ಮೂರು ವಾರ ಕೂತು ಅದರ ಎರಡೂ ತುದಿಗೆ ಬಂಗಾರದ ದಾರದಲ್ಲಿ ದ್ರಾಕ್ಷಿ ಗೊಂಚಲು ಮೂಡಿಸಿದೆ. ಭಾನುವಾರ ಅಣ್ಣನ ಮೈಮೇಲೆ ನನ್ನ ಕೆಲಸ ನೋಡಿ ಎಂದು ಚಿಕ್ಕಮ್ಮನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಹೇಳಿಯೂ ಬಿಟ್ಟೆ.

ನಿನ್ನೆ ಅತ್ತೆ ಅಂಗಡಿಯ ಗೊಂಬೆಗೆ ಎಲ್ಲವನ್ನೂ ತೊಡಿಸಿ ನೋಡಿದರು. ಮೊದಲು ಬಿಳಿ ನಿಲುವಂಗಿ, ಅದು ಜ್ಞಾನಸ್ನಾನದ ಶುಭ್ರತೆಯಂತೆ. ನಡುವಿಗೆ ಹಗ್ಗ, ಅದು ಸಂಯಮ. ಕೊರಳಿಗೆ ನನ್ನ ಪಟ್ಟಿ, ಅದು ಗುರುವಿನ ಅಧಿಕಾರ. ನಾನಿನ್ನೇನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಎಲ್ಲದರ ಮೇಲೂ ಅಗಲವಾದ ಮೇಲಂಗಿ ಇಳಿಬಿಟ್ಟರು. ನನ್ನ ದ್ರಾಕ್ಷಿ ಮಾಯ. ಇಷ್ಟು ವರ್ಷ ಪೂಜೆಗೆ ಹೋಗಿ ನಾನು ನೋಡಿದ್ದಾದರೂ ಏನನ್ನೋ! ಮುಖ ಊದಿಸಿಕೊಂಡೆ. ಇವರು ನಗು ತಡೆಯಲಾರದೆ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿ ನಿಂತರು.

“ಮೇಲಂಗಿ ಅಂದ್ರೆ ಪ್ರೀತಿ ಕಣಮ್ಮ,” ಅಂದರು ಅತ್ತೆ. “ಅಧಿಕಾರ ಇರ್ಲಿ, ಆದ್ರೆ ಒಳಗಿರ್ಲಿ. ಜನಕ್ಕೆ ಪ್ರೀತಿ ಕಾಣ್ಬೇಕು. ಪಟ್ಟೀನ ಮೇಲಂಗಿ ಮೇಲೆ ಹಾಕ್ಕೊಳ್ಳೋರೂ ಇದ್ದಾರೆ, ಬೇಕಿದ್ರೆ ಹಾಗೆ ಹಾಕ್ಕೊಳ್ತಾರಾ ಅಂತ ನಿಮ್ಮಣ್ಣನ್ನೇ ಕೇಳು.”

ಕೇಳೋಣವೆಂದೇ ಈ ಕಾಗದ ಶುರುಮಾಡಿದೆ. ಬರೆಯುತ್ತಾ ಬರೆಯುತ್ತಾ ಮದುವೆಯ ಬೆಳಗು ನೆನಪಾಯಿತು. ‘ಅಪ್ಪ ಇಲ್ಲದ ಮನೆಗೆ ನಾನೇ ಹಿರಿಯ, ದರ್ಜಿ ಮನೆಯ ಸಂಬಂಧಕ್ಕೆ ಒಪ್ಪುವುದಿಲ್ಲ’ ಎಂದು ಎರಡು ತಿಂಗಳು ಬಿಗಿದುಕೊಂಡಿದ್ದವನು ನೀನು. ಅವತ್ತು ಊರಿಗೆಲ್ಲ ಬಟ್ಟೆ ಹೊಲಿದು ತನ್ನ ಅಂಗಿಗೇ ಇಸ್ತ್ರಿ ಹಾಕಲು ಮರೆತಿದ್ದ ಮದುಮಗನ ಕೈಯಿಂದ ನೀನು ಅಂಗಿ ಕಿತ್ತುಕೊಂಡೆ. ನೀನೇ ಇಸ್ತ್ರಿ ಹಾಕಿ, ತೊಡಿಸಿ, ಕಾಲರ್ ಸರಿಮಾಡಿ, “ನಡೀರಿ ಭಾವ, ಹೊತ್ತಾಯ್ತು” ಎಂದೆ. ಆ ಒಂದು ‘ಭಾವ’ಕ್ಕೆ ನಾನು ಬಾಗಿಲ ಹಿಂದೆ ನಿಂತು ಅತ್ತಿದ್ದು ನಿನಗೆ ಗೊತ್ತಿಲ್ಲ.

ಹಾಗಾಗಿ ಕೇಳುವುದಿಲ್ಲ, ಹೇಳುತ್ತೇನೆ: ಪಟ್ಟಿಯನ್ನು ಒಳಗೇ ಹಾಕಿಕೋ. ನಾನು ಕೊಚ್ಚಿಕೊಂಡಿದ್ದಕ್ಕೆ ನಾನೇ ಉತ್ತರ ಹೇಳಿಕೊಳ್ಳುತ್ತೇನೆ. ಹೊಸ ಗುರುವಿನ ಮೊದಲ ಆಶೀರ್ವಾದಕ್ಕೆ ಅಮ್ಮನ ಪಕ್ಕದಲ್ಲೇ ನಾವಿಬ್ಬರೂ ಮಂಡಿಯೂರಿರುತ್ತೇವೆ. ನಿನ್ನ ಕೈ ನನಗಿಂತ ಮೊದಲು ಇವರ ತಲೆ ಮುಟ್ಟಲಿ.

ನಿನ್ನ ಹೆಗಲಿಗೆ ಬೀಳುವುದೆಲ್ಲ ಹಗುರಾಗಲಿ ಎಂದು ಬೇಡುತ್ತಾ,

ನಿನ್ನ ತಂಗಿ, ದರ್ಜಿಯ ಹೆಂಡತಿ