ಮೊದಲು ಯಾವುದು ತೆಗೀಲಿ?

ಗುರುವಾರ, ಮಧ್ಯಾಹ್ನ

ನನ್ನ ಗಿಣಿಗೆ,

ಮೊನ್ನೆ ಕೆಟ್ಟ ಕನಸು ಬಿತ್ತು ಕಣೇ. ನೀನು ಮಾತಾಡಲು ಬಾಯಿ ತೆರೆದೆ, ಒಳಗಿನಿಂದ ಟಕ್ ಟಕ್ ಎಂದಷ್ಟೇ ಸದ್ದು ಬಂತು. ಎದ್ದವಳಿಗೆ ಮತ್ತೆ ರೆಪ್ಪೆ ಅಂಟಲಿಲ್ಲ. ಆ ಸದ್ದು ಎಲ್ಲಿಯದೆಂದು ನನಗೆ ಗೊತ್ತಿತ್ತು. ಗಂಟಲಿನ ಆಪರೇಷನ್ ಆದವಳ ಎದೆಯ ಮೇಲೆ ಇನ್ನೊಂದು ಕಲ್ಲು ಹೇರುವುದು ಬೇಡವೆಂದು ಬಾಯಿ ಹೊಲಿದುಕೊಂಡಿದ್ದೆ. ಫೋನಿನಲ್ಲಿ ನಾನೊಬ್ಬಳೇ ಮಾತಾಡಿ, ಆ ಕಡೆಯಿಂದ ಬರೀ ನಿನ್ನ ಉಸಿರು ಕೇಳಿಸಿದರೆ ನನ್ನಿಂದ ತಡೆಯಲಾಗುವುದಿಲ್ಲ. ಅದಕ್ಕೇ ನಿನ್ನ ಅಕ್ಕನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅರ್ಧಕ್ಕೆ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ನಗು. ನಗಬಹುದು ಎಂದಿದ್ದಾರೆ ತಾನೇ ಡಾಕ್ಟರು?

ಆಪರೇಷನ್ನಿಗೆ ಮುಂಚೆ ಸೋಫಾದ ಮೇಲೆ ಕೂತು ವಾಕ್ಯ ಓದಿ ಓದಿ ತುಂಬಿಸಿದೆಯಲ್ಲ, ದನಿ ಹೋದ ಮೇಲೆ ನೀನು ಟೈಪ್ ಮಾಡಿದ್ದನ್ನು ಯಂತ್ರ ನಿನ್ನದೇ ದನಿಯಲ್ಲಿ ಹೇಳಲೆಂದು, ಆ ಹಾರ್ಡ್ ಡಿಸ್ಕ್ ಕೆಟ್ಟಿತು. ಯಂತ್ರದವರಿಗೆ ಕಳಿಸೋಣವೆಂದು ಅಕ್ಕ ಲ್ಯಾಪ್‌ಟಾಪಿಗೆ ಚುಚ್ಚಿದರೆ ಏನೂ ಕಾಣಲಿಲ್ಲ, ಬರೀ ಟಕ್ ಟಕ್. ಮುಟ್ಟಿದರೆ ಜ್ವರ ಬಂದ ಹಣೆಯ ಹಾಗೆ ಬಿಸಿ. ನಿನ್ನ ಎಲ್ಲಬಲ್ಲ ಮಾವ, ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ, ನಾನು ಓದಿದ್ದೇನೆ ಎಂದ. ಅವನ ಮಾತು ಕಟ್ಟಿಕೊಂಡು ಇಟ್ಟೆ. ಬರೀ ಇಡಲಿಲ್ಲ, ಥಂಡಿಯಾದೀತೆಂದು ನಿನ್ನ ಉಣ್ಣೆ ಟೋಪಿಯೊಳಗೆ ಸೇರಿಸಿ ಇಟ್ಟೆ.

ಅದಕ್ಕೂ ಸರಿಹೋಗದೆ ಅಂಗಡಿಗೆ ಒಯ್ದರೆ, ರಿಪೇರಿಯವನು ಟೋಪಿ ಬಿಚ್ಚಿ ನೋಡಿ, ಏನಮ್ಮಾ, ಇದೇನು ಹಾಲಾ ಕೆಡದೇ ಇರೋಕೆ, ಒಳಗೆಲ್ಲ ತೇವ ಕೂತಿದೆ ಎಂದ. ಮಾವ ಆಚೆ ಹೋಗಿ ಪಕ್ಕದಂಗಡಿಯ ಬೋರ್ಡು ಓದತೊಡಗಿದ. ಒಣಗಿಸಿ, ಬಿಚ್ಚಿ, ಒಳಗಿನ ಕೆಟ್ಟ ಭಾಗ ಬದಲಾಯಿಸಿ, ನಿನ್ನೆ ನಮ್ಮನ್ನು ಮತ್ತೆ ಕರೆಸಿದ. ಇದರಲ್ಲಿ ಎರಡು ದೊಡ್ಡ ಫೋಲ್ಡರ್ ಇವೆ, ಎಷ್ಟು ಹೊತ್ತು ತಡೆಯುತ್ತೋ ಹೇಳಕ್ಕಾಗಲ್ಲ, ಮೊದಲು ಯಾವುದು ತೆಗೀಲಿ, ಬೇಗ ಹೇಳಿ, ಎರಡನೇದಕ್ಕೆ ಗ್ಯಾರಂಟಿ ಇಲ್ಲ ಎಂದ. ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಕಡೆ ತಿರುಗಲಿಲ್ಲ. ನನ್ನ ಮಗಳ ದನಿ ಎಂದೆ.

ಪರದೆಯ ಮೇಲೆ ಹಸಿರು ಗೆರೆ ಬಸವನಹುಳುವಿನಂತೆ ತೆವಳಿತು. ನಡುವೆ ನಿಂತಿತು. ಅಮ್ಮಾ, ನೀವು ಉಸಿರಾಡಿ, ಅದರಿಂದ ಇದಕ್ಕೇನೂ ಆಗಲ್ಲ ಎಂದು ಅವನೇ ಗದರಿಸಬೇಕಾಯಿತು. ಗೆರೆ ಮತ್ತೆ ಹೊರಟಿತು, ಮುಗಿಯಿತು. ಸರಿಯಿದೆಯೋ ಎಂದು ಅವನು ಒಂದನ್ನು ಹಾಕಿದ. ಅಮ್ಮಾ, ಬಾಗಿಲು ತೆಗಿ ಎಂದೆ ನೀನು. ಬಂದೆ ಎನ್ನುತ್ತಾ ನಾನು ಅಂಗಡಿಯಲ್ಲೇ ಎದ್ದು ನಿಂತೆ. ಮಾವ ಕೂಡ ಕಣ್ಣೊರೆಸಿಕೊಂಡ, ಧೂಳು ಅಂದ.

ಇನ್ನೊಂದು ಫೋಲ್ಡರಿಗೆ ಕೈಹಾಕುತ್ತಿದ್ದಂತೆ ಡಿಸ್ಕ್ ಪೂರ್ತಿ ಸುಮ್ಮನಾಯಿತು. ಹೋಗಲಿ, ಹಳೆಯ ಫೋಟೋ ಗೀಟೋ. ನೀನು ತಲೆ ಕೆಡಿಸಿಕೊಳ್ಳಬೇಡ. ಗಂಜಿ ಬಿಸಿಯಾಗಿ ಕುಡಿಯಬೇಡ.

ನಿನ್ನ ಮಾತಿಗೆ ಕಾದಿರುವ,
ಅಮ್ಮ

ಮಡಿಸಿದ ಕಾಗದ ಮತ್ತೆ ಬಿಚ್ಚಿದೆ. ಅಕ್ಕನ ಬಾಯಲ್ಲಿ ಹೇಗೂ ಗುಟ್ಟು ನಿಲ್ಲುವುದಿಲ್ಲ. ಎರಡನೆಯದರಲ್ಲಿ ಇದ್ದದ್ದು ನಿಮ್ಮಪ್ಪ. ತೀರಿಕೊಂಡ ಮೇಲೆ ನಮಗುಳಿದಿದ್ದ ಅವರ ವಿಡಿಯೋಗಳೆಲ್ಲ ಅದರಲ್ಲೇ ಇದ್ದವು. ಅವರೇ ಅಲ್ಲಿ ಕೂತಿದ್ದರೂ ನಿನ್ನ ದನಿಯನ್ನೇ ಮೊದಲು ತೆಗೆಯಲು ಹೇಳುತ್ತಿದ್ದರು. ಆದರೂ ನಿನ್ನ ಹಳೇ ಫೋನಿನಲ್ಲಿ ಎಲ್ಲಾದರೂ, ಯಾರದೋ ವಿಡಿಯೋದ ಹಿಂದೆ, ಅವರು ಕೆಮ್ಮಿದ್ದಾದರೂ ಸಿಗುತ್ತದೆಯೋ, ಇನ್ನೊಂದು ಸಲ ನೋಡು ಮಗಳೇ.