ಸೊಂಟ ಇಪ್ಪತ್ತೆಂಟು

ಅಕ್ಕನಿಗೆ ತಂಗಿಯ ನಮಸ್ಕಾರ. ಮಗಳ ಮನೆ ಸೇರಿ ಎಂಟು ದಿನವಾಯಿತು. ಊರು ನೋಡಿದ್ದು ಒಂದೇ ದಿನ, ಮಿಕ್ಕ ದಿನವೆಲ್ಲ ಕಂಪ್ಯೂಟರ್‌ನೊಳಗಿನ ಲೋಕಗಳನ್ನೇ ಸುತ್ತಿದೆ. ಭಾನುವಾರ ನಾವಿಬ್ಬರೂ ವೇಷ ತೊಟ್ಟು ಹರಟಲು ಒಂದು ಲೋಕ ಆರಿಸು ಎಂದಿದ್ದೆಯಲ್ಲ, ಎರಡನ್ನು ಹೋಲಿಸಿ ನೋಡಿದೆ. ಮೊದಲನೆಯದರಲ್ಲಿ ಮೂಗು, ಹುಬ್ಬು, ಕಿವಿಯನ್ನೂ ಬದಲಿಸಬಹುದು. ಆದರೆ ಬಟ್ಟೆ ಮೂರೇ ಜೊತೆ, ಒಂದರಲ್ಲೂ ಹೊಲಿಗೆ ಕಾಣದು. ಎರಡನೆಯದರಲ್ಲಿ ಮುಖಗಳೆಲ್ಲ ಅಚ್ಚೊತ್ತಿದ ಹಾಗೆ, ಬಟ್ಟೆ ಮಾತ್ರ ಗುಂಡಿಯವರೆಗೂ ನಮ್ಮದೇ ಆಯ್ಕೆ. ಟೈಲರ್ ಕೈ ಸುಮ್ಮನಿರುತ್ತದೆಯೇ? ಎರಡನೆಯದಕ್ಕೇ ಹೋಗಿ, ಸೊಂಟವನ್ನು ಇಪ್ಪತ್ತೆಂಟು ಇಂಚಿಗೆ ಇಳಿಸಿ, ಹಸಿರು ಕೋಟು ತೊಟ್ಟು ನಿಂತೆ.

ಎರಡು ಜಡೆಯ ಪುಟ್ಟ ಹುಡುಗಿಯೊಂದು ಎದುರು ಬಂದು ತಲೆಯ ಮೇಲೆ ಅಕ್ಷರ ಮೂಡಿಸಿತು: "ತೋಳು ಉದ್ದ ಆಯ್ತು."

ನಾನು ಬಾಯಿಬಿಟ್ಟೇ ಗದರಿದೆ: "ಹೋಗೇ, ಹಲ್ಲು ಹುಟ್ಟೋಕೆ ಮುಂಚೆ ನಂಗೇ ಹೊಲಿಗೆ ಹೇಳ್ಕೊಡ್ತೀಯಾ?"

ಪಕ್ಕದ ಕೋಣೆಯಿಂದ ಮಗಳ ಅತ್ತೆಯ ದನಿ ಕೇಳಿತು: "ಹುಟ್ಟಿದ್ದೂ ಆಯ್ತು, ಬಿದ್ದಿದ್ದೂ ಆಯ್ತು, ಬೀಗರೇ!"

ಈಗ ಬೀಗರದೂ ನನ್ನದೂ ಊಟದ ಮೇಜಿನಲ್ಲಿ ಬನ್ನಿ, ಹೋಗಿ. ಆ ಲೋಕಕ್ಕೆ ಕಾಲಿಟ್ಟರೆ ಬಾರೇ, ಹೋಗೇ. ಕೂತು ಕೂತು ನನ್ನ ಕತ್ತು ಹಿಡಿದುಕೊಂಡಿದೆ, ಮುಲಾಮು ಹಚ್ಚುವವರೂ ಅವರೇ.

ನೀನೂ ಎರಡನೆಯದಕ್ಕೇ ಬಾ. ಆದರೆ ನನಗಿಂತ ಚಿಕ್ಕವಳ ವೇಷ ಹಾಕಿದೆಯೋ, ಜೋಕೆ: ಅಕ್ಕನೆಂಬ ಜೋರಿನಲ್ಲಿ ನೀನು ಹಿಂಡಿದ್ದನ್ನು ಈ ಕಿವಿ ಇನ್ನೂ ಮರೆತಿಲ್ಲ. ಅಂಚೆ ಕಾರ್ಡು ತುಂಬಿತು.

ಇಂತಿ,
ಇಪ್ಪತ್ತೆಂಟು ಇಂಚಿನ ನಿನ್ನ ತಂಗಿ