ಇಲ್ಲದ ಮಗುವಿಗೆ ಮೊದಲ ದೀಪ

ಮಿನ್ ನದಿಯ ಈಚೆ ದಡ,
ಹೊಸ ವರ್ಷದ ಮೊದಲ ತಿಂಗಳು, ಇಪ್ಪತ್ತನೆಯ ದಿನ

ಆಚೆ ದಡದ ಸಮಸ್ತ ಅಡುಗೆಮನೆಗಳ ಮಹಾರಾಣಿ, ನನ್ನ ಎರಡೂ ಕಿವಿಗಳನ್ನು ಹಿಂಡುವ ಏಕೈಕ ಹಕ್ಕುದಾರಳು, ಶ್ರೀಮನ್ಮಹಾ ಅಕ್ಕ ಯುನ್‌ಶಿಯಾ ಅವರ ದಿವ್ಯ ಪಾದಗಳಿಗೆ, ಅಲ್ಲಿ ಚಪ್ಪಲಿ ಇಲ್ಲವೆಂದು ಖಾತ್ರಿಪಡಿಸಿಕೊಂಡು, ತಮ್ಮ ಬೊಹಾನ್ ಅಡ್ಡಬೀಳುತ್ತಾನೆ.

ಅಕ್ಕ, ಈ ವರ್ಷ ತವರಿನ ದೀಪ ಯಾಕೆ ಬರಲಿಲ್ಲ ಎಂದು ನಿಮ್ಮತ್ತೆ ಹದಿನೈದನೆಯ ದಿನ, ದೀಪದ ಹಬ್ಬವಿಡೀ ನಿನ್ನನ್ನು ಚುಚ್ಚಿರುತ್ತಾರೆ. ಅಪರಾಧಿ ಸಿಕ್ಕಿದ್ದಾನೆ. ಈ ಪತ್ರ ಅವನೇ ಬರೆಯುತ್ತಿದ್ದಾನೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅಮ್ಮ ಹಾಸಿಗೆಯಿಂದಲೇ ದೀಪವನ್ನು ನನ್ನ ಕೈಗಿಟ್ಟಳು. ಅದೇ, ಪ್ರತಿವರ್ಷದ್ದು: ಕೆಂಪು ಕಾಗದದ ಮೇಲೆ ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡ ಗ್ವಾನ್‌ಯಿನ್ ದೇವಿ. ಮದುವೆಯಾದ ಮಗಳಿಗೆ ಮಗುವಾಗುವ ತನಕ ತವರು ಕಳಿಸಲೇಬೇಕಾದ ದೀಪ. ಇದು ಐದನೆಯದು. ದೋಣಿಯಲ್ಲಿ ನಿಮ್ಮ ಓಣಿಯ ಇಬ್ಬರು ಹೆಂಗಸರು ಕೂತಿದ್ದರು. “ನೋಡೇ, ಮತ್ತೆ ಬಂತು ಯುನ್‌ಶಿಯಾ ದೀಪ” ಅಂದಳು ಒಬ್ಬಳು. “ಬರ್ಲಿ ಬಿಡೇ, ಅವಳತ್ತೆಗೆ ಬಾಗಿಲ ಮುಂದೆ ಬೆಳಕಾದ್ರೂ ಆಗತ್ತೆ. ತೊಟ್ಟಿಲಂತೂ ಕಟ್ಟೋ ಹಾಗೆ ಕಾಣಲ್ಲ” ಅಂದಳು ಇನ್ನೊಬ್ಬಳು. ಇಬ್ಬರೂ ನಕ್ಕರು. ಆ ದೀಪವನ್ನು ನಿನ್ನ ಬಾಗಿಲಿಗೆ ತರಲು ನನ್ನಿಂದಾಗಲಿಲ್ಲ. ಅಂಬಿಗನ ಗುಡಿಸಲಲ್ಲಿ ಬಿಟ್ಟು ಅದೇ ದೋಣಿಯಲ್ಲಿ ವಾಪಸಾದೆ.

“ತೂಗುಹಾಕಿದ್ರೇನೋ?” ಎಂದಳು ಅಮ್ಮ.

“ಇನ್ಮೇಲೆ ಆ ದೀಪ ಬೇಡ್ವಂತಮ್ಮ. ಅಕ್ಕಂಗೆ ಮೂರು ತಿಂಗಳು” ಅಂದುಬಿಟ್ಟೆ.

ನಲವತ್ತು ದಿನದಿಂದ ಮಲಗಿದ್ದವಳು ಎದ್ದು ಕೂತಳು, ಅಕ್ಕ. ಎಳ್ಳಿನ ಹೂರಣದ ಅಕ್ಕಿಯುಂಡೆ ಆರು ತಿಂದಳು. ಪಕ್ಕದ ಮನೆಯ ಅಜ್ಜಿಯನ್ನು ಕೂಗಿ ಕರೆದು ಹೇಳಿದಳು. ಅಲ್ಲಿಯವರೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಹದಿನೇಳನೆಯ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಹೊಟ್ಟೆಯ ಗಡ್ಡೆಯನ್ನು ಈ ತಿಂಗಳೊಳಗೆ ತೆಗೆಯದಿದ್ದರೆ ಆಮೇಲೆ ತೆಗೆದೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು. ಅಮ್ಮ ಬರಲೊಲ್ಲೆ ಅಂದಳು. “ಕೊಯ್ಯೋವಾಗ್ಲೇ ನನ್ ಪ್ರಾಣ ಹೋಗ್ಬಿಟ್ರೆ? ಸಾವಾದ ಮನೆಯಿಂದ ಕೆಂಪು ದೀಪ ಹೋಗೋ ಹಾಗಿಲ್ಲ ಕಣೋ. ಮೊಮ್ಮಗೂಗೆ ಮೊದಲನೇ ವರ್ಷದ ದೀಪವೇ ತಪ್ಪಿಹೋಗತ್ತೆ. ಬರೋ ವರ್ಷದ ಹಬ್ಬ ಮುಗೀಲಿ, ಆಮೇಲೆ ಬೇಕಾದಷ್ಟು ಕೊಯ್ಕೊಳ್ಲಿ.”

ಡಾಕ್ಟರರ ಲೆಕ್ಕದಲ್ಲಿ ಅವಳಿಗೆ ಬರುವ ಹಬ್ಬವೇ ಇಲ್ಲ.

ಈಗ ಬಿದಿರು ಸೀಳುತ್ತ ಕೂತಿದ್ದಾಳೆ. ಮಗು ಎಳೆದುಕೊಂಡು ಓಡಾಡಲು ಮೊಲದ ದೀಪವಂತೆ, ಗಾಲಿ ಸಮೇತ. ಒಂದು ಕಿವಿ ಮುಗಿದಿದೆ. ನೋವು ಬಂದಾಗ ನನಗೆ ಕಾಣದ ಹಾಗೆ ಆ ಕಡೆ ತಿರುಗಿ ಬಿದಿರಿನ ಕಡ್ಡಿ ಕಚ್ಚಿಕೊಳ್ಳುತ್ತಾಳೆ.

ನಾನು ಮೂರು ಸಲ ನಿಜ ಹೇಳಿದೆ. ಕಾಲು ಹಿಡಿದು ಹೇಳಿದೆ. “ಹೋದ ವರ್ಷ ನದಿಗೆ ಬಿದ್ದು ಸತ್ತೆ ಅಂತ ಹೇಳಿ ಕಳ್ಸಿ, ನಾನು ಎದೆ ಬಡ್ಕೊಳ್ಳೋದನ್ನ ಮರ ಹತ್ತಿ ನೋಡಿದೋನು ನೀನೇ ಅಲ್ವೇನೋ ಕೋತಿ? ನಡಿ, ಅಂಟು ತಗೊಂಬಾ” ಎಂದು ನಕ್ಕಳು. ಹದಿನೇಳು ವರ್ಷ ಸುಳ್ಳು ಹೇಳಿ ನಾನು ಸಂಪಾದಿಸಿದ ಕೀರ್ತಿ ಇದು.

ಆದ್ದರಿಂದ ನೀನೇ ಬರಬೇಕು. ಅವಳೆದುರು ನಿಂತು, ಏನೂ ಇಲ್ಲಮ್ಮ ಎಂದು ನಿನ್ನ ಬಾಯಿಂದಲೇ ಹೇಳಬೇಕು. ಐದು ವರ್ಷದಿಂದ ನೀನು ಯಾರ ಮುಂದೆಯೂ ಆಡದ ಮಾತನ್ನು ಆಡಿಸುತ್ತಿದ್ದೇನೆ ಎಂದು ಗೊತ್ತು. ಹೊಡೆಯಬೇಕೆನಿಸಿದರೆ ಬಂದು ಹೊಡೆ. ತಿಂಗಳು ಮುಗಿಯಲು ಇನ್ನು ಹತ್ತೇ ದಿನ.

ಇಂತಿ, ಎರಡೂ ದಡಗಳ ಅತ್ಯಂತ ನಿರುಪಯೋಗಿ ಪ್ರಜೆ,
ನಿನ್ನ ತಮ್ಮ
ಬೊಹಾನ್

ತಾ.ಕ.: ಮೂರು ಸಲ ಹೇಳಿದೆ ಎಂದು ಬರೆದೆನಲ್ಲ, ಒಂದು ಸಲವೂ ಹೇಳಿಲ್ಲ ಅಕ್ಕ. ಆ ಬೈಗುಳವನ್ನೂ ನಾನೇ ಕಟ್ಟಿದ್ದು. ನಾನು ಹೇಳಿದರೆ ಅಮ್ಮ ನಂಬಿಬಿಡುತ್ತಾಳೆ; ಆಗ ಅವಳ ಮುಖ ನೋಡಲು ನನ್ನಿಂದಾಗುವುದಿಲ್ಲ.